ಗುಳಿಗೆಗೆ ಬಗ್ಗದ ರೋಗಾಣು

ಗೆಳೆಯರೇ, ಸಿಂದಗಿಯಲ್ಲಿ ನಾನು ಕ್ಷಯರೋಗಿಗಳಿಗೆ ಗುಳಿಗೆ ಕೊಡುವ ಕೋಣೆಗೆ ಇವತ್ತು ಟೇಲರ್ ಮಹಬೂಬಸಾಬರು ಹೆಂಡತಿಯ ಜೊತೆ ಬಂದರು. ಕೆಮ್ಮು ನಿಂತಿತೆಂದು ಎರಡೇ ತಿಂಗಳಿಗೆ ಗುಳಿಗೆ ಬಿಟ್ಟಿದ್ದರು. ಈಗ ರೋಗ ಮರಳಿದೆ. ಹಳೆಯ ಔಷಧ ನಾಟುವುದಿಲ್ಲವೆಂದು ಕಫದ ವರದಿ ಹೇಳುತ್ತದೆ.

“ಆಗ ನಾಟಿದ ಗುಳಿಗಿ ಈಗ್ಯಾಕ ನಾಟಂಗಿಲ್ರಿ? ನಕಲಿ ಅದಾವೇನು?” ಎಂದು ಮಹಬೂಬಸಾಬರು ರೇಗಿದರು.

“ಗುಳಿಗಿ ಅವ ಅದಾವ್ರಿ. ಗುಳಿಗಿ ಪೆಟ್ಟು ಬಿದ್ದಾಗ ರೋಗಾಣು ತನ್ನೊಳಗಿನ ಕೆಲವು ಜೀನ್ ಚಾಲೂ ಮಾಡಿ, ಕೆಲವು ಬಂದ್ ಮಾಡಿ, ಔಷಧ ಹೊರಗ ಹಾಕಿ ಜೀವ ಉಳಿಸ್ಕೋತೈತಿ. ನೀವು ನಡುವ ಬಿಟ್ರಿ. ಉಳಿದವು ಬದಲಾಗಿ ಗುಳಿಗಿಗೆ ಬಗ್ಗದಂಗ ಆದವು,” ಎಂದೆ.

ಅವರು ತಲೆ ತಗ್ಗಿಸಿದರು. ಹೊಸ ಔಷಧದ ಪೊಟ್ಟಣವನ್ನು ಹೆಂಡತಿ ತೆಗೆದುಕೊಂಡರು. “ಇನ್ನ ಮ್ಯಾಲ ಇವು ನನ್ನ ಕೈಯಾಗಿರ್ತಾವ್ರಿ. ದಿನಾ ಎದುರಿಗೆ ಕುಂತು ನುಂಗಸ್ತೇನಿ.”

ಆ ದನಿ ಕೇಳಿ ನನಗೆ ಮೊದಲ ಸಲ ರೋಗಾಣುಗಳ ಮೇಲೆ ಕನಿಕರ ಬಂತು.