ಸಮುದ್ರದ ಬಾಯಿಗೆ ಹಾಕಿದ ಗಂಟು

ನಮ್ಮ ಓನರಮ್ಮನ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ಅವರು ಹುಡುಗಿಯಾಗಿದ್ದಾಗ ಮಡಿಲಲ್ಲಿ ಮಲಗಿದ್ದ ಆಡಿನ ಮರಿಯೊಂದು ಕಿವಿಯೋಲೆಯನ್ನು ಚಿಗುರೆಲೆ ಎಂದು ತಿಳಿದು ಎಳೆದದ್ದಂತೆ. ಆ ಸೀಳನ್ನು ಅವರು ಸೆರಗಿನಲ್ಲಿ ಮುಚ್ಚಿಕೊಂಡವರಲ್ಲ. ಆಧಾರ್ ಕಾರ್ಡಿಗೆ ಫೋಟೋ ತೆಗೆಸುವಾಗಲೂ ಮುಖ ಓರೆ ಮಾಡಿ ಅದೇ ಕಿವಿಯನ್ನು ಮುಂದೆ ಮಾಡಿ, ಫೋಟೋ ತೆಗೆಯುವವನಿಂದ ಬೈಸಿಕೊಂಡು ಬಂದಿದ್ದರು. "ಗುರ್ತು ಬೇಕು ಅಂತಾರಲ್ಲ ಮೇಷ್ಟ್ರೇ, ಇದಕ್ಕಿಂತ ಗುರ್ತು ಇನ್ನೇನೈತೆ?" ಎಂದು ನನ್ನನ್ನೇ ಕೇಳಿದ್ದರು.

ಆಂಧ್ರ ಗಡಿಯ ಹಿಂದೂಪುರದವನಾದ ನಾನು ಅದೇ ಸೀಮೆಯ ಕಲ್ಯಾಣದುರ್ಗದ ಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಹೋದಾಗ ಬಾಡಿಗೆಗೆ ಸಿಕ್ಕಿದ್ದು ಅವರ ಮಹಡಿಯ ಕೋಣೆ. ಕೆಳಗೆ ಅವರ ಯಜಮಾನರ ಹಿಂಡಿ-ಬೂಸದ ಅಂಗಡಿ, ಹಿತ್ತಲಲ್ಲಿ ನಾಲ್ಕು ಆಡು. ಓನರಮ್ಮ ಕಂಬದೂರು ಕಡೆಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರು. ಪೇಟೆಗೆ ಬಂದು ಮೂವತ್ತು ವರ್ಷವಾದರೂ ಸಂಜೆ ಆಡುಗಳನ್ನು ಕೂಗುವಾಗ ಅವರ ಗಂಟಲು ಇನ್ನೂ ಗುಡ್ಡದ ಮೇಲೆಯೇ ಇರುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ನಿಂತವರೂ ತಿರುಗಿ ನೋಡಬೇಕು, ಅಂಥ ಕೂಗು.

ಒಂದು ಸಂಜೆ ಆಡೊಂದು ಬರಲಿಲ್ಲ. ಓನರಮ್ಮ ಕಂಬಳಿಯಿಂದ ಕರಿ ಉಣ್ಣೆಯ ಎಳೆಯೊಂದನ್ನು ಕಿತ್ತು, ಹೊಸೆದು, ಆಡಿನ ಹೆಸರು ಹಿಡಿದು ಕೂಗಿ, ಎಳೆಗೆ ಒಂದು ಗಂಟು ಬಿಗಿದು ಗೋಡೆಯ ಗೂಟಕ್ಕೆ ನೇತುಹಾಕಿದರು. ತೋಳದ ಬಾಯಿ ಕಟ್ಟಿದ್ದಂತೆ. ಆಡು ಸಿಕ್ಕುವ ತನಕ ಯಾವ ತೋಳವೂ ಅದಕ್ಕೆ ಬಾಯಿ ಹಾಕುವಂತಿಲ್ಲ. ಊಟಕ್ಕೆ ಕೂತಾಗ ಮುದ್ದೆಯ ಮೊದಲ ತುತ್ತನ್ನು ಹಿತ್ತಲಾಚೆ ಎಸೆದರು. ಅದು ಯಾರಿಗೆ ಎಂದು ಕೇಳಿದೆ.

"ತೋಳಕ್ಕೆ ಕಣಪ್ಪ. ಬಾಯಿ ಕಟ್ಟಿದೋರೇ ಅದರ ಹೊಟ್ಟೆನೂ ನೋಡ್ಬೇಕು. ತೋಳಕ್ಕೂ ಮರಿ ಇರ್ತಾವೆ."

"ಬಾಯಿ ಕಟ್ಟಿದ ಮೇಲೆ ಅದು ತಿನ್ನೋದು ಹೇಗೆ?"

"ನಿಮಗೆ ಎಲ್ಲಾನೂ ಕೇಳೋ ರೋಗ," ಎಂದು ಎದ್ದು ಹೋದರು.

ಬೆಳಗ್ಗೆ ಆಡು ಪಕ್ಕದ ಬೀದಿಯ ಮದುವೆ ಮನೆಯ ಚಪ್ಪರದ ಮಾವಿನೆಲೆ ತಿನ್ನುತ್ತ ಸಿಕ್ಕಿತು. ಅದನ್ನು ಕಟ್ಟಿಹಾಕುವ ಮೊದಲು ಅವರು ಓಡಿ ಹೋಗಿ ಗಂಟು ಬಿಚ್ಚಿದರು. ಆಡು ಸಿಕ್ಕರೂ ಬಿಚ್ಚಬೇಕು, ಮೂಳೆ ಸಿಕ್ಕರೂ ಬಿಚ್ಚಬೇಕು, ಮರೆತರೆ ತೋಳ ಹಸಿದು ಸತ್ತ ಪಾಪ ಕಟ್ಟಿದವರಿಗೆ. ಅವರ ಶಾಸ್ತ್ರದಲ್ಲಿ ಇದ್ದದ್ದು ಈ ಎರಡೇ ದಾರಿ.

ಸಮುದ್ರದ ಮೇಲೆ ಹೋಗುತ್ತಿದ್ದ, ಲೋಕವೆಲ್ಲ ಹುಡುಕಿದ ಆ ಪ್ರಯಾಣಿಕರ ವಿಮಾನ ಕಾಣೆಯಾದದ್ದು ಇದಾದ ಕೆಲವು ತಿಂಗಳಿಗೆ. ನಮ್ಮ ಬೀದಿಯಲ್ಲಿ ವಿಮಾನ ಹತ್ತಿದವರು ಒಬ್ಬರೂ ಇರಲಿಲ್ಲ, ವಿಮಾನದ ಬಗ್ಗೆ ಮಾತಾಡದವರೂ ಒಬ್ಬರೂ ಇರಲಿಲ್ಲ. ಬೂಸ ಒಯ್ಯಲು ಬಂದವರು ಮೂಟೆಯನ್ನು ಹೆಗಲಿನಿಂದ ಇಳಿಸಿ ವಾದಕ್ಕೆ ಕೂರುತ್ತಿದ್ದರು. ಯಾವುದೋ ದ್ವೀಪದಲ್ಲಿ ಇಳಿಸಿಕೊಂಡಿದ್ದಾರೆ ಎಂದು ಒಬ್ಬ, ಒಳಗಿದ್ದವರ ಫೋನು ಇನ್ನೂ ರಿಂಗ್ ಆಗುತ್ತಿದೆಯಂತೆ ಎಂದು ಇನ್ನೊಬ್ಬ. ಯಜಮಾನರು ತೆಲುಗು ಪೇಪರನ್ನು ಗಟ್ಟಿಯಾಗಿ ಓದಿ, ಕೊನೆಗೆ "ಅಂತಾ ಆ ದೇವುಡಿಕೇ ತೆಲುಸು," ಎಂದು ದೇವರ ಮೇಲೆ ಭಾರ ಹಾಕಿ ಮಡಚಿಡುತ್ತಿದ್ದರು. ನಾನು ರೇಡಾರಿನ ಪಾಠ ಮಾಡಿದೆ. ಯಾರೂ ಕೇಳಲಿಲ್ಲ.

ಓನರಮ್ಮನಿಗೆ ಮಾತ್ರ ಒಂದೇ ಪ್ರಶ್ನೆ. "ಅಷ್ಟು ದೊಡ್ಡದು ಹೆಂಗೆ ಕಳ್ದೋಯ್ತದೆ ಮೇಷ್ಟ್ರೇ?" ಶಾಲೆಯಿಂದ ಗ್ಲೋಬ್ ತಂದು ಸಮುದ್ರ ಎಷ್ಟು ದೊಡ್ಡದು ಎಂದು ತೋರಿಸಿದೆ. ಅವರು ಅದನ್ನು ಕುಂಬಳಕಾಯಿಯಂತೆ ತಿರುಗಿಸಿ ತಿರುಗಿಸಿ ನೋಡಿ, "ಇದರಾಗೆ ಕಲ್ಯಾಣದುರ್ಗ ಎಲ್ಲೈತೆ?" ಎಂದರು. ಇಲ್ಲ ಎಂದೆ. "ಹಿಂದೂಪುರ?" ಅದೂ ಇಲ್ಲ. "ಹಂಗಾರೆ ನಾವೂ ಕಳ್ದೋಗಿದೀವಿ ಅನ್ನಿ," ಎಂದು ಮಹಡಿ ಅದುರುವಂತೆ ನಕ್ಕರು.

ನಗು ನಿಂತದ್ದು ಟೀವಿಯ ಮುಂದೆ. ದೂರದ ಯಾವುದೋ ಊರಿನಲ್ಲಿ ಒಬ್ಬ ತಾಯಿ ಮಗನ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಾರು ಏನು ಹೇಳಿದರೂ ತಲೆ ಅಲ್ಲಾಡಿಸುತ್ತಿದ್ದಳು. ಭಾಷೆ ನಮಗ್ಯಾರಿಗೂ ತಿಳಿಯದು, ತಲೆ ಅಲ್ಲಾಡಿಸಿದ್ದು ತಿಳಿಯಿತು. ಓನರಮ್ಮ ಎದ್ದು ಹೋಗಿ ಕಂಬಳಿಯ ಎಳೆ ಕಿತ್ತುಕೊಂಡು ಬಂದರು.

"ಸಮುದ್ರದಾಗೆ ಬಾಯಿ ಇರೋವು ಏನೇನವೆ, ಹೇಳಿ."

ನಾನು ಶಾರ್ಕ್ ಅಂದೆ, ತಿಮಿಂಗಿಲ ಅಂದೆ. ಇನ್ನೂ ಹೇಳುವವನಿದ್ದೆ.

"ಅಷ್ಟೊಂದಕ್ಕೆ ಎಲ್ಲಿ ಕಟ್ಟೋದು? ಸಮುದ್ರಕ್ಕೇ ಕಟ್ಬುಡ್ತೀನಿ." ಒಳಗಿದ್ದವರ ಹೆಸರು ಗೊತ್ತಿಲ್ಲದ್ದಕ್ಕೆ "ಅದರಾಗೆ ಇರೋರೆಲ್ಲಾ ಬರ್ರಪ್ಪಾ, ಬರ್ರಮ್ಮಾ" ಎಂದು ಆಡು ಕೂಗುವ ದನಿಯಲ್ಲೇ ಕೂಗಿ ಗಂಟು ಬಿಗಿದರು.

ಅಂದಿನಿಂದ ಮೊದಲ ತುತ್ತು ಮನೆ ಮುಂದಿನ ಮೋರಿಗೆ. ಮೋರಿಗೆ ಯಾಕೆ ಎಂದರೆ, "ಮೋರಿ ಹಳ್ಳಕ್ಕೆ, ಹಳ್ಳ ಹೊಳೆಗೆ, ಹೊಳೆ ಸಮುದ್ರಕ್ಕೆ. ನೀವೇ ತಾನೆ ಮಕ್ಕಳಿಗೆ ಹೇಳ್ಕೊಡೋದು?" ಎಂದರು. ಪಾಠ ನನ್ನದೇ ಆಗಿತ್ತು. ತುತ್ತು ಸಮುದ್ರ ಸೇರಿತೋ ಇಲ್ಲವೋ, ಬೀದಿಯ ಕಂದು ನಾಯಿಯೊಂದು ತಿಂಗಳೊಳಗೆ ಕರುವಿನಂತೆ ಬೆಳೆಯಿತು.

ಪ್ರತಿ ಶನಿವಾರ ನಾನು ಹಿಂದೂಪುರಕ್ಕೆ ಹೋಗುತ್ತಿದ್ದೆ. ವಿಮಾನ ಹೋದ ಮೇಲೆ ಹೊಸ ಕಾನೂನು ಬಂತು: ತಲುಪಿದ ಕೂಡಲೇ ಮಿಸ್ಡ್ ಕಾಲ್ ಕೊಡಬೇಕು. ಒಮ್ಮೆ ಮರೆತೆ, ಫೋನು ಬೇರೆ ಸತ್ತಿತ್ತು. ಸೋಮವಾರ ಬೆಳಗ್ಗೆ ಬಂದು ನೋಡಿದರೆ ಗೂಟದಲ್ಲಿ ಎರಡು ಎಳೆ. ಓನರಮ್ಮ ನನ್ನ ಮುಖವನ್ನೂ ನೋಡದೆ ಹೊಸ ಎಳೆಯ ಗಂಟು ಬಿಚ್ಚತೊಡಗಿದರು.

"ನನಗೆ ಯಾವ ತೋಳದ ಬಾಯಿ ಕಟ್ಟಿದ್ರಿ ಅಮ್ಮ?" ಎಂದು ನಗುತ್ತ ಕೇಳಿದೆ.

"ಲಾರಿಗಳದ್ದು! ಎಲ್ಡು ದಿನ ಆ ರೋಡ್ನಾಗಿನ ಲಾರಿಗೆಲ್ಲಾ ನಾನು ತುತ್ತು ಇಕ್ಕಿದೀನಿ. ಒಂದು ಫೋನ್ ಮಾಡಾಕೆ ನಿಮಗೇನಾಗಿತ್ತು?" ಕಣ್ಣಲ್ಲಿ ನೀರಿತ್ತು. ನನ್ನ ಹೆತ್ತ ತಾಯಿಯೂ ನನಗಾಗಿ ಅಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಮಿಸ್ಡ್ ಕಾಲ್ ಒಂದು ವಾರವೂ ತಪ್ಪಲಿಲ್ಲ.

ಆ ವರ್ಷ ಮಳೆ ತಡವಾಯಿತು. ಬೂಸದಂಗಡಿಯಲ್ಲಿ ಯಾರೋ ತಮಾಷೆಗೆ ಅಂದರು, "ಮೋಡ ಬರೋದು ಸಮುದ್ರದಿಂದ ಅಂತ ಮೇಷ್ಟ್ರು ಹೇಳವ್ರೆ. ಅಮ್ಮ ಅದರ ಬಾಯೇ ಕಟ್ಬುಟ್ಟವ್ರೆ. ಇನ್ನೆಲ್ಲಿ ಮಳೆ?" ಮೊದಲ ದಿನ ಎಲ್ಲರೂ ನಕ್ಕರು. ವಾರ ಕಳೆಯುವಷ್ಟರಲ್ಲಿ ನಗುವವರು ಅರ್ಧವಾದರು. ಶೇಂಗಾ ಬೀಜ ಸುಲಿದು ಮುಗಿಲು ನೋಡುತ್ತಿದ್ದ ನಾಲ್ಕಾರು ಹೆಂಗಸರು ಒಂದು ಮಧ್ಯಾಹ್ನ ಜಗಲಿಯ ಮೇಲೆ ಬಂದು ಕೂತೇಬಿಟ್ಟರು.

"ಬಿಚ್ಚಕ್ಕಯ್ಯಾ," ಎಂದಳು ಒಬ್ಬಳು. "ಅವರು ಹೋಗಿ ಮೂರು ತಿಂಗಳಾಯ್ತು. ಪಾಪಂ, ಇನ್ನೇನು ಬತ್ತಾರಾ?"

"ಬಿಚ್ಚಿದ್ರೆ ಅವರೆಲ್ಲಾ ಸತ್ತೋದ್ರು ಅಂತ ನಾನೇ ಹೇಳ್ದಂಗೆ ಆಯ್ತದೆ ಕಣಮ್ಮ. ಆ ತಾಯಿ ಇನ್ನೂ ಒಪ್ಪಿಲ್ಲ. ಆಯಮ್ಮನ್ನ ಕೇಳ್ಕೊಂಡು ಬನ್ನಿ, ಬಿಚ್ತೀನಿ."

ಹೆಂಗಸರು ಬೇಸರದಿಂದ ಎದ್ದು ಹೋದರು. ಓನರಮ್ಮ ಅಂದು ಊಟ ಮಾಡಲಿಲ್ಲ. ಹೊಲ ಒಣಗಿದರೆ ನೆರೆಯವರ ಶಾಪ, ಬಿಚ್ಚಿದರೆ ಮುಖ ಗೊತ್ತಿಲ್ಲದ ಅಷ್ಟು ಜನರನ್ನು ತಾನೇ ಕೈಬಿಟ್ಟಂತೆ. ಇದೆಲ್ಲ ಬರೀ ನಂಬಿಕೆ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಆ ಮುಖ ನೋಡಿ ಹೇಳಲಾಗಲಿಲ್ಲ. ಸಂಜೆ ಅವರೇ ಮಹಡಿ ಹತ್ತಿ ಬಂದರು.

"ಮೇಷ್ಟ್ರೇ, ಮೋಡ ಏಳಾಕೆ ಎಷ್ಟು ಸಂದಿ ಬೇಕಾಯ್ತದೆ?"

ವಿಜ್ಞಾನ ಕಲಿಸಲು ಶುರುಮಾಡಿದ ಮೇಲೆ ಅಂಥ ಪ್ರಶ್ನೆ ನನಗೆ ಎದುರಾಗಿರಲಿಲ್ಲ. ಯೋಚಿಸಿ ಹೇಳಿದೆ, "ಆವಿಗೆ ಜಾಸ್ತಿ ಜಾಗ ಬೇಡ ಅಮ್ಮ. ಸೂಜಿಮೊನೆಯಷ್ಟು ಸಾಕು."

ಅವರ ಮುಖ ಅರಳಿತು. ಇಳಿದು ಹೋಗಿ, ಹಲ್ಲಿನಿಂದ ಗಂಟನ್ನು ಕಚ್ಚಿ, ಸೂಜಿ ತೂರುವಷ್ಟೇ ಸಡಿಲ ಮಾಡಿದರು. ನನ್ನ ಕೈಯಲ್ಲೇ ಸೂಜಿ ತೂರಿಸಿ ಪರೀಕ್ಷೆ ಮಾಡಿಸಿದರು. "ಆವಿ ಹೊರಕ್ಕೆ ಹೋಯ್ತದೆ, ಮನುಷ್ಯರು ಒಳಕ್ಕೆ ಹೋಗಲ್ಲ ಅಲ್ವಾ?" ಎಂದು ಎರಡು ಸಲ ಕೇಳಿದರು. ಹೋಗಲ್ಲ ಎಂದು ಎರಡು ಸಲವೂ ಹೇಳಿದೆ.

ಮಳೆ ಬಂದದ್ದು ಎಂಟೋ ಒಂಬತ್ತೋ ದಿನದ ಮೇಲೆ. ಹವಾಮಾನದವರು ಮೊದಲೇ ಹೇಳಿದ್ದರು ಎಂದು ಯಜಮಾನರು ಪೇಪರ್ ಬಡಿದು ಹೇಳಿದರೂ ಕೇಳುವವರಿರಲಿಲ್ಲ. ಬೇಸರ ಮಾಡಿಕೊಂಡು ಹೋಗಿದ್ದ ಹೆಂಗಸರೇ ನೆಂದ ಸೀರೆಯಲ್ಲಿ ಬಂದು ಓನರಮ್ಮನ ಗಲ್ಲ ಹಿಡಿದು ನಕ್ಕರು. ಬಿತ್ತನೆ ಮುಗಿದ ದಿನ ಓನರಮ್ಮ ಗಂಟನ್ನು ಮತ್ತೆ ಬಿಗಿ ಮಾಡಿದರು.

ನನಗೆ ಹಿಂದೂಪುರಕ್ಕೇ ವರ್ಗವಾಯಿತು. ಹೊರಟ ದಿನವೂ ಮಿಸ್ಡ್ ಕಾಲ್ ಕೊಟ್ಟೆ. ಎಷ್ಟೋ ಕಾಲದ ಮೇಲೆ, ಆ ವಿಮಾನದ ರೆಕ್ಕೆಯ ತುಂಡೊಂದು ಯಾವುದೋ ದ್ವೀಪದ ದಡಕ್ಕೆ ಬಂದು ಬಿದ್ದ ಸುದ್ದಿ ಓದಿ ಫೋನ್ ಮಾಡಿದೆ. ಇನ್ನಾದರೂ ಬಿಚ್ಚಿ ಹಗುರಾಗಲಿ ಎಂಬ ಆಸೆ ನನ್ನದು.

"ಜನ ಸಿಕ್ರಾ?"

"ಇಲ್ಲಮ್ಮ. ರೆಕ್ಕೆ ಮಾತ್ರ."

"ಕೊರಳ ಗಂಟೆ ಸಿಕ್ಕಿದ್ರೆ ಆಡು ಸಿಕ್ದಂಗಾ ಮೇಷ್ಟ್ರೇ?" ಎಂದು ಫೋನ್ ಇಟ್ಟರು.

ಹೋದ ವರ್ಷ ಓನರಮ್ಮ ತೀರಿಕೊಂಡರು. ಮಧ್ಯಾಹ್ನ ಆಡಿಗೆ ಸೊಪ್ಪು ಹಾಕಿ ಬಂದು ಮಲಗಿದವರು ಏಳಲಿಲ್ಲವಂತೆ. ತಿಥಿಗೆ ಹೋದಾಗ ಯಜಮಾನರು ಗೂಟದಿಂದ ಆ ಕರಿ ಎಳೆಯನ್ನು ತೆಗೆದು ನನ್ನ ಅಂಗೈಗೆ ಹಾಕಿದರು.

"ನಿಮಗೇ ಕೊಡ್ಬೇಕಂತೆ. ಸಿಕ್ಕಿದ್ರೆ ಮೊದಲು ಪೇಪರ್ನಾಗೆ ಬತ್ತದೆ, ಮೇಷ್ಟ್ರು ದಿನಾ ಪೇಪರ್ ಓದ್ತಾರೆ ಅಂತಿದ್ಲು."

ಅದೀಗ ಹಿಂದೂಪುರದಲ್ಲಿ ನಮ್ಮ ನಡುಮನೆಯ ಮೊಳೆಯಲ್ಲಿದೆ. ಧೂಳು ಹೊಡೆಯುವಾಗ ಹೆಂಡತಿ ಒಮ್ಮೆ ಅದನ್ನು ಬಿಸಾಡಲು ಹೊರಟಳು. ನಾನು ಕೂಗಿದ ಕೂಗು ಬೀದಿಗೆಲ್ಲ ಕೇಳಿತು. ಆಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಮೊನ್ನೆ, ಆ ವಿಮಾನವನ್ನು ಮತ್ತೆ ಹುಡುಕುತ್ತಾರಂತೆ ಎಂದು ಪೇಪರಿನಲ್ಲಿ ಬಂದಾಗ ನನಗಿಂತ ಮೊದಲು ಅವಳೇ ಹೋಗಿ ಗಂಟು ಮುಟ್ಟಿ ನೋಡಿದಳು. ಬಿಗಿಯಾಗಿಯೇ ಇತ್ತು.

ನಾನು ಈಗಲೂ ಮಕ್ಕಳಿಗೆ ಮೋಡ, ಮಳೆ, ಸಮುದ್ರದ ಪಾಠ ಮಾಡುತ್ತೇನೆ. ಗಂಟಿನ ಮಾತು ಅಲ್ಲಿ ಎತ್ತುವುದಿಲ್ಲ. ಆದರೆ ಊಟದ ಹೊತ್ತಿಗೆ ನಮ್ಮ ಮನೆ ಮುಂದಿನ ಮೋರಿಯ ಹತ್ತಿರ ಒಂದು ನಾಯಿ ಬಂದು ಕೂರುತ್ತದೆ, ಮೊದಲ ತುತ್ತು ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ಅದಕ್ಕೆ ಚೆನ್ನಾಗಿ ಗೊತ್ತು.