ಮೂರು ವರ್ಷಕ್ಕೆ ಮೂರು ದಿನ ಬಾಕಿ

ಆ ಶುಕ್ರವಾರ ಮಳವಳ್ಳಿ ಕೋರ್ಟಿನಲ್ಲಿ ನಮ್ಮವು ನಾಲ್ಕು ಕೇಸುಗಳಿದ್ದವು. ನಾಲ್ಕೂ ಮಧ್ಯಾಹ್ನದೊಳಗೆ ಮುಗಿದವು. ವಕೀಲ ನಂಜೇಗೌಡರು ಆಫೀಸಿಗೆ ಬಂದು, ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಮನೆಯಿಂದ ಬಂದ ಮುದ್ದೆ ಊಟ ಮಾಡಿದರು. ನಾನು ಅವರ ಗುಮಾಸ್ತನಾಗಿ ಸೇರಿ ಆಗಲೇ ಮೂವತ್ತೊಂದು ವರ್ಷ. ಕೇಸಿನ ಕಾಗದ ಟೈಪ್ ಮಾಡುವುದು, ಕೋರ್ಟಿಗೆ ಸಲ್ಲಿಸುವುದು, ಮುಂದಿನ ತಾರೀಖು ಡೈರಿಯಲ್ಲಿ ಬರೆಯುವುದು ನನ್ನ ಕೆಲಸ.

ಊಟವಾದ ಮೇಲೆ ಅವರ ಜೂನಿಯರ್ ಫರ್ಹಾನಾ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟಳು. ಕಿರುಗಾವಲಿನ ಪಂಪ್‌ಸೆಟ್ ಮೆಕ್ಯಾನಿಕ್ ಒಬ್ಬರ ಮಗಳು ಆಕೆ. ಮಂಡ್ಯದಲ್ಲಿ ಕಾನೂನು ಓದಿ ನಮ್ಮಲ್ಲಿಗೆ ಬಂದವಳು. ಸಿವಿಲ್ ಜಡ್ಜ್ ಹುದ್ದೆಗೆ ಅರ್ಜಿ ಕರೆದಿದ್ದರು. ಕೊನೆಯ ದಿನಕ್ಕೆ ಎರಡು ವಾರ ಉಳಿದಿತ್ತು.

ಮೊದಲಾದರೆ ನಮ್ಮಲ್ಲಿ ಡಿಗ್ರಿ ಮುಗಿಸಿದವರು ನೇರವಾಗಿ ಆ ಪರೀಕ್ಷೆ ಬರೆಯಬಹುದಿತ್ತು. 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು, ವಕೀಲರಾಗಿ ಕನಿಷ್ಠ ಮೂರು ವರ್ಷ ಪ್ರಾಕ್ಟೀಸ್ ಮಾಡಿರಲೇಬೇಕು ಎಂದಿತು. ಬಾರ್ ಕೌನ್ಸಿಲಿನಲ್ಲಿ ತಾತ್ಕಾಲಿಕವಾಗಿ ನೋಂದಾಯಿಸಿದ ದಿನದಿಂದ ಲೆಕ್ಕ. ಅದಕ್ಕೆ ಪ್ರಾಕ್ಟೀಸ್ ಮಾಡಿದ ಕೋರ್ಟಿನ ಮುಖ್ಯ ನ್ಯಾಯಾಧೀಶರೇ ಸರ್ಟಿಫಿಕೇಟ್ ಕೊಡಬೇಕು. ಇಲ್ಲವೇ ಅಲ್ಲಿ ಹತ್ತು ವರ್ಷ ವಕೀಲಿ ಮಾಡಿದವರು ಬರೆದುಕೊಟ್ಟು, ನ್ಯಾಯಾಧೀಶರು ದೃಢೀಕರಿಸಬೇಕು.

ಹಾಗೆ ಬರೆದುಕೊಡುವ ಸರ್ಟಿಫಿಕೇಟೇ ಆ ಹಾಳೆ. ಗೌಡರು ಅದನ್ನು ಓದಿದರು. ಪೆನ್ನಿನ ಕ್ಯಾಪು ತೆಗೆದು, ಮತ್ತೆ ಹಾಕಿದರು.

"ಮೂರು ವರ್ಸ ಯಾವತ್ತಿಗೆ ತುಂಬ್ತದಮ್ಮ?"

"ಸೋಮವಾರಕ್ಕೆ ಸಾರ್."

"ಹಂಗಾದ್ರೆ ಸೋಮವಾರ ಹಾಕ್ತೀನಿ. ಆಗ್ದೆ ಇರೋದ್ನ ಆಯ್ತು ಅಂತ ಬರ್ಕೊಟ್ರೆ, ಜಡ್ಜಾಗೋಳಿಗೆ ಮೊದಲ್ನೇ ಸುಳ್ಳು ನಾನೇ ಕಲಿಸ್ದಂಗಾಯ್ತದೆ."

ಫರ್ಹಾನಾ ನಕ್ಕು, ಹಾಳೆಯನ್ನು ಫೈಲಿಗೆ ಸೇರಿಸಿದಳು. ನಾನು ಅದನ್ನೇ ಸೋಮವಾರದ ತಾರೀಖು ಹಾಕಿ ಹೊಸ ಹಾಳೆಯಲ್ಲಿ ಟೈಪ್ ಮಾಡಿಟ್ಟೆ.

ಭಾನುವಾರ ಬೆಳಿಗ್ಗೆ ಗೌಡರು ಹೋಗಿಬಿಟ್ಟರು. ಎದೆನೋವು ಎಂದರಂತೆ. ಮಂಡ್ಯದ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದಾಗ ಮದ್ದೂರು ದಾಟಲಿಲ್ಲ. ಸೋಮವಾರ ಕೋರ್ಟಿನಲ್ಲಿ ಎರಡು ನಿಮಿಷ ಎಲ್ಲರೂ ಎದ್ದು ನಿಂತರು. ಬಾಗಿಲ ಪಕ್ಕ ನಿಂತಿದ್ದ ನನಗೆ ಅಂದಿನ ಕೇಸುಗಳ ತಾರೀಖು ಬರೆದುಕೊಳ್ಳುವುದೂ ನೆನಪಾಗಲಿಲ್ಲ.

ಫರ್ಹಾನಾ ಅರ್ಜಿಯ ಮಾತೇ ಎತ್ತಲಿಲ್ಲ. ನಾಲ್ಕನೆಯ ದಿನ ನಾನೇ ಎತ್ತಿದೆ. ಆಗ ನನ್ನ ತಪ್ಪು ನನಗೇ ಕಂಡಿತು. ಕಕ್ಷಿದಾರರು ವಕೀಲರನ್ನು ನೇಮಿಸಿಕೊಳ್ಳುವ ಪತ್ರ ವಕಾಲತ್ತು. ಅದರಲ್ಲಿ ಹಿರಿಯರ ಹೆಸರಿನ ಕೆಳಗೆ ಜೂನಿಯರ್ ಹೆಸರೂ ಇರಬೇಕು. ನಾನು ಹಳೆಯ ನಮೂನೆಯಲ್ಲೇ ಟೈಪ್ ಮಾಡುತ್ತಾ ಬಂದಿದ್ದೆ. ಅದರಲ್ಲಿ ಗೌಡರ ಹೆಸರೊಂದೇ; ಆಕೆ ಪ್ರಾಕ್ಟೀಸ್ ಮಾಡಿದ್ದಕ್ಕೆ ದಾಖಲೆಯೇ ಇಲ್ಲ. ಸಾರ್ ಹೆಸರಿನ ಪಕ್ಕದಲ್ಲಿ ತನ್ನದೂ ಹಾಕಿ ಎನ್ನಲು ಆಕೆಗೆ ಸಂಕೋಚ. ಕೇಳದಿದ್ದರೂ ಹಾಕಬೇಕೆಂದು ನನಗೆ ತೋಚಲಿಲ್ಲ. ಹಿಂದಿನ ನ್ಯಾಯಾಧೀಶರಿಗೆ ಆಕೆಯ ಪರಿಚಯವಿತ್ತು. ಈಗಿನ ಮೇಡಂ ವರ್ಗವಾಗಿ ಬಂದು ತಿಂಗಳಾಗಿತ್ತಷ್ಟೆ. ದಾಖಲೆ ನೋಡದೆ ದೃಢೀಕರಿಸುವುದಿಲ್ಲ ಎಂದರು. ಅದು ಸರಿಯೇ.

ಮುಚ್ಚಿಡದೆ ಹೇಳುತ್ತೇನೆ. ಗೌಡರ ಸಹಿ ನನ್ನ ಕೈಗೆ ಚೆನ್ನಾಗಿ ಬರುತ್ತಿತ್ತು. ಸೋಮವಾರದ ತಾರೀಖಿಗೆ ಅವರೇ ಇರಲಿಲ್ಲ ಎಂಬುದೂ ಹೊಳೆಯದೆ, ಆ ಹಾಳೆ ತೆಗೆದು, ಅವರ ಪೆನ್ನು ಹಿಡಿದೆ.

"ಇಡ್ರಣ್ಣ ಅದ್ನ," ಎಂದಳು ಫರ್ಹಾನಾ. "ಮೂರು ದಿನ ಮುಂಚೆ ಹಾಕಕ್ಕೇ ಅವ್ರು ಒಪ್ನಿಲ್ಲ. ಈಗ ನೀವು ಹಾಕ್ತೀರಾ?"

ಪೆನ್ನು ಕೆಳಗಿಟ್ಟೆ.

ಮಾರನೆಯ ದಿನ ಮುಗಿದ ಕೇಸುಗಳ ಫೈಲುಗಳನ್ನು ಗೌಡರ ಮನೆಯವರಿಗೆ ಒಪ್ಪಿಸಲು ಜೋಡಿಸುತ್ತಿದ್ದೆ. ಒಂದರಲ್ಲಿ ಫರ್ಹಾನಾ ಸಹಿ ಕಂಡಿತು. ಕೇಸು ಮುಂದೂಡಲು ಕೇಳುವ ಮೆಮೊ ಅದು. ಗೌಡರಿಗೆ ಟೈಮ್ ಕೇಳುವುದೆಂದರೆ ಆಗದು. ಮೈಸೂರಿಗೋ ಮಂಡ್ಯಕ್ಕೋ ಹೋಗುವ ದಿನ "ನೀನೇ ಓಗಿ ಕೇಳಮ್ಮ" ಎಂದು ಆಕೆಯನ್ನು ಕಳಿಸುತ್ತಿದ್ದರು. ಆಕೆ ಹಿರಿಯರ ಪರವಾಗಿ ಎಂದು ಬರೆದು, ತನ್ನ ಹೆಸರು ಹಾಕಿ ಸಹಿ ಮಾಡುತ್ತಿದ್ದಳು. ಬಾರ್ ರೂಮಿನಲ್ಲಿ ಆಕೆಗೆ 'ಟೈಮ್ ಮೇಡಂ' ಎಂಬ ಹೆಸರೇ ಬಿದ್ದಿತ್ತು. ಎಷ್ಟೋ ಸಲ ಅತ್ತಿದ್ದಳು.

ಎಲ್ಲ ಫೈಲುಗಳನ್ನೂ ಕೆಳಗಿಳಿಸಿದೆವು. ಒಟ್ಟು ಅರವತ್ತೆರಡು ಮೆಮೊ ಸಿಕ್ಕವು. ಮೊದಲನೆಯದು ಆಕೆ ಸೇರಿದ ಎರಡನೇ ವಾರದ್ದು. ಪ್ರತಿಯೊಂದರ ಮೂಲೆಯಲ್ಲೂ 'ಪ್ರತಿ ತಲುಪಿದೆ' ಎಂದು ಎದುರು ವಕೀಲರ ಸಹಿ. ಮುಕ್ಕಾಲು ಪಾಲು ಕೆಂಪಯ್ಯನವರದು. ಅವರು ಇಪ್ಪತ್ತೈದು ವರ್ಷ ಗೌಡರ ಎದುರು ನಿಂತು ಜಗಳವಾಡಿದವರು.

ಕಂತೆ ಹಿಡಿದು ಅವರ ಬಳಿಗೆ ಹೋದೆವು. ಒಂದೊಂದೇ ತಿರುವಿದರು.

"ಇದೇನ್ಲಾ ಸಿವಣ್ಣ, ಇಷ್ಟೊಂದು ಸಲ ನನ್ ಕೇಸು ನಿಲ್ಸವ್ಳಾ? ಮೂರು ವರ್ಸ ನನ್ ತಲೆ ತಿಂದವ್ಳೆ ಅಂತ ನಾನಲ್ದೆ ಇನ್ಯಾರ್ಲಾ ಬರ್ಕೊಡೋರು? ತತ್ತಾ ಇಲ್ಲಿ."

ಹೊಸ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಕನ್ನಡಕ ತೆಗೆದು ಒರೆಸಿಕೊಂಡರು.

ನ್ಯಾಯಾಧೀಶರು ಮೆಮೊಗಳ ತಾರೀಖನ್ನು ಕೋರ್ಟಿನಲ್ಲಿ ಆಯಾ ದಿನದ ನಡಾವಳಿ ಬರೆದಿಡುವ ಆರ್ಡರ್ ಶೀಟುಗಳೊಂದಿಗೆ ಹೋಲಿಸಿ ನೋಡಿಸಿದರು. ಎಲ್ಲವೂ ತಾಳೆಯಾದವು. ನಮ್ಮನ್ನು ಚೇಂಬರಿಗೆ ಕರೆದರು.

"ನಾಳೆ ನಿಮ್ಮ ಮುಂದೆ ಯಾರಾದರೂ ಇಷ್ಟು ಸಲ ಟೈಮ್ ಕೇಳಿದರೆ ಏನು ಮಾಡ್ತೀರಿ?"

"ಕಾರಣ ಕೇಳ್ತೀನಿ ಮೇಡಂ. ಕೇಳೋಕೆ ಬಂದೋರು ಜೂನಿಯರ್ ಆಗಿದ್ರೆ, ಬೈಯಲ್ಲ."

ಅವರು ನಕ್ಕು ಸಹಿ ಹಾಕಿ, ಮೊಹರು ಒತ್ತಿಸಿದರು. ಹೊರಗೆ ಬಂದವನೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಕೊನೆಯ ದಿನಕ್ಕೆ ಇನ್ನೂ ಮೂರು ದಿನವಿರುವಾಗಲೇ ಅರ್ಜಿ ಹೋಯಿತು. ಸ್ವೀಕೃತವೂ ಆಯಿತು. ಪರೀಕ್ಷೆ ಪಾಸಾಗುವುದು ಬಿಡುವುದು ಆಕೆಯ ಓದಿಗೆ ಬಿಟ್ಟದ್ದು. ಬರೆಯುವ ಅರ್ಹತೆಯಂತೂ ಆಕೆಯ ಕೈ ತಪ್ಪಲಿಲ್ಲ.

ಈಗ ನಾನು ಕೆಂಪಯ್ಯನವರ ಆಫೀಸಿನಲ್ಲಿದ್ದೇನೆ. ಯಾರೇ ಜೂನಿಯರ್ ಸೇರಿದರೂ ಮೊದಲ ದಿನವೇ ವಕಾಲತ್ತಿನ ನಮೂನೆಗೆ ಅವರ ಹೆಸರು ಸೇರಿಸುತ್ತೇನೆ, ಅವರು ಕೇಳುವವರೆಗೆ ಕಾಯುವುದಿಲ್ಲ. ಕೆಲಸ ಮಾಡಿದವರ ಹೆಸರು ಕಾಗದದ ಮೇಲಿರಬೇಕು. ಇಷ್ಟು ಸಣ್ಣ ವಿಷಯ ಕಲಿಯಲು ನನಗೆ ಮೂವತ್ತೊಂದು ವರ್ಷ ಬೇಕಾಯಿತು.

ಸೋಮವಾರದ ತಾರೀಖಿನ ಆ ಹಾಳೆ ಇನ್ನೂ ನನ್ನ ಬಳಿ ಇದೆ. ಕೆಳಗೆ ಗೌಡರ ಹೆಸರಿದೆ. ಹೆಸರಿನ ಮೇಲೆ ಸಹಿ ಇಲ್ಲ.