ಎಣ್ಣೆಯ ಗುಂಡಿ ಕಾಯ್ದವಳು

ಚೆಂಬೂರಿನ ಕಾರ್ಖಾನೆಯಲ್ಲಿ ಕೆಲಸ ಕಾಯಂ ಆದ ವರ್ಷ, ಎಪ್ಪತ್ತರ ದಶಕದ ಆರಂಭದಲ್ಲಿ, ನಾನೊಂದು ಹಳೆಯ ಇಂಗ್ಲಿಷ್ ಮೋಟಾರ್ ಸೈಕಲ್ ಕೊಂಡೆ. ನನಗಿಂತ ಅದಕ್ಕೇ ವಯಸ್ಸು ಜಾಸ್ತಿ. ಆದರೂ ಚಾಳಿನ ಮುಂದೆ ನಿಲ್ಲಿಸಿ ಅದನ್ನು ಒರೆಸುವಾಗ ನನ್ನ ಕಾಲು ನೆಲದ ಮೇಲೆ ಇರುತ್ತಿರಲಿಲ್ಲ.

ಎಂಜಿನ್ನಿನ ಬಲಬದಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಲೋಹದ ಗುಂಡಿಯೊಂದಿತ್ತು. ಒಳಗೆ ಎಣ್ಣೆಯ ಒತ್ತಡ ಸರಿಯಿದ್ದರೆ ಅದು ಹೊರಚಾಚಿರುತ್ತಿತ್ತು, ಒತ್ತಡ ಇಳಿದರೆ ಒಳಗೆ ಹೋಗುತ್ತಿತ್ತು. “ಗಾಡಿ ಓಡೂ ಮುಂದ ಅದು ಒಳಗ ಹೋತಂದ್ರ ಬಂದ್ ಮಾಡು, ಬೇಟಾ. ಒಂದ್ ಮಿನಿಟೂ ಕಾಯಬ್ಯಾಡ,” ಎಂದಿದ್ದರು ಆಂಟಾಪ್ ಹಿಲ್‌ನ ಮಿಸ್ತ್ರಿ ಚಾಚಾ. ವಿಜಾಪುರದ ಕಡೆಯವರು, ಮೋಟಾರ್ ಸೈಕಲ್ ರಿಪೇರಿಯಲ್ಲೇ ತಲೆ ನೆರೆಸಿಕೊಂಡವರು.

ಟ್ರಾಫಿಕ್ಕಿನಲ್ಲಿ ಬಗ್ಗಿ ಗುಂಡಿ ನೋಡುವವರು ಯಾರು? ಆ ಕೆಲಸ ಹೆಂಡತಿಯ ಪಾಲಿಗೆ ಬಂತು. ಅವಳು ಮದುವೆಯಾಗಿ ಮುಂಬಯಿಗೆ ಬಂದು ಆರು ತಿಂಗಳೂ ಆಗಿರಲಿಲ್ಲ. ಹೆಂಗಸರೆಲ್ಲ ಹಿಂದೆ ಎಡಕ್ಕೆ ಕಾಲು ಇಳಿಬಿಟ್ಟು ಕೂತರೆ ಇವಳೊಬ್ಬಳು ಬಲಕ್ಕೆ. ಚಾಳಿನವರು ನಕ್ಕರು, ಇವಳು ಕ್ಯಾರೆ ಎನ್ನಲಿಲ್ಲ. ಸೀರೆಯ ನೆರಿಗೆ ಬಿಸಿ ಸೈಲೆನ್ಸರಿಗೆ ತಾಗದಂತೆ ಒತ್ತಿಕೊಂಡು, ಒಲೆಯ ಮೇಲಿನ ಹಾಲು ಕಾಯುವವಳಂತೆ ಗುಂಡಿ ಕಾಯುತ್ತಿದ್ದಳು.

ಒಮ್ಮೆ ಸಾಯನ್ ಸಿಗ್ನಲ್‌ನಲ್ಲಿ ನಿಂತಿದ್ದಾಗ, “ರೀ, ಒಳಗ ಹೋತ್ರಿ!” ಎಂದು ಬೆನ್ನಿಗೆ ಗುದ್ದಿದಳು. ಗಾಬರಿಯಲ್ಲಿ ಎಂಜಿನ್ ಆರಿಸಿದೆ. ಹಸಿರು ದೀಪ ಬಂತು, ಗಾಡಿ ಸ್ಟಾರ್ಟ್ ಆಗಲಿಲ್ಲ, ಹಿಂದಿನ ಬಸ್ಸಿನ ಡ್ರೈವರ್ ಮರಾಠಿಯಲ್ಲಿ ನನ್ನ ಜನ್ಮ ಜಾಲಾಡಿದ. ಕಾದ ಎಂಜಿನ್ ನಿಂತಲ್ಲೇ ನಿಧಾನಕ್ಕೆ ತಿರುಗುವಾಗ ಗುಂಡಿ ಒಳಸರಿಯುವುದು ಸಹಜ. ಅದನ್ನು ಅವಳಿಗೆ ನಾನೇ ಹೇಳಿರಲಿಲ್ಲ. ಆದರೂ ಸಿಟ್ಟೆಲ್ಲ ಅವಳ ಮೇಲೆಯೇ. “ಇನ್ನ ಗಾಡಿ ಮ್ಯಾಲೆ ಬಾಯಿ ತೆಗೀಬ್ಯಾಡ,” ಎಂದು ಹತ್ತು ಜನರೆದುರು ಕೂಗಾಡಿದೆ.

ಎರಡು ವಾರ ಕಳೆದು ವಿಲೆ ಪಾರ್ಲೆಯ ಅವಳ ಚಿಕ್ಕಮ್ಮನ ಮನೆಗೆ ಹೊರಟಿದ್ದೆವು. ಜೋರಾಗಿಯೇ ಓಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಎಂಜಿನ್ ಜಾಮ್ ಆಗಿ ಹಿಂದಿನ ಚಕ್ರ ಜಾರಿತು, ಇಬ್ಬರೂ ರಸ್ತೆ ಬದಿಯ ಮಣ್ಣಿಗೆ ಬಿದ್ದೆವು. ಅವಳ ಮೊಣಕೈ ತರಚಿ ರಕ್ತ ಬರುತ್ತಿತ್ತು. ಹಿಂದೆಯೇ ಲಾರಿಯೊಂದು ಬಂದಿದ್ದರೆ ಈ ಕಥೆ ಹೇಳಲು ನಾವಿಬ್ಬರೂ ಇರುತ್ತಿರಲಿಲ್ಲ.

ಗಾಡಿಯನ್ನು ಟೆಂಪೋದಲ್ಲಿ ಹೇರಿ ಚಾಚಾನ ಹತ್ತಿರ ಒಯ್ದೆವು. ಅವರು ಎಂಜಿನ್ ಬಿಚ್ಚಿ, ಎಣ್ಣೆಯ ಪಂಪಿನಲ್ಲಿ ಸಿಕ್ಕಿಕೊಂಡಿದ್ದ ಕಸ ತೋರಿಸಿ, “ಗುಂಡಿ ಒಳಗ ಹೋಗಿದ್ದು ಯಾರೂ ನೋಡಲಿಲ್ಲೇನು?” ಎಂದರು.

“ನಾ ನೋಡಿದ್ದೆ,” ಎಂದಳು ಹೆಂಡತಿ. ನನ್ನ ಕಡೆ ತಿರುಗಲೂ ಇಲ್ಲ.

ನಾಚಿಕೆಯಿಂದ ನಾನು ಹಿಡಿಯಷ್ಟಾದೆ. “ಹೇಳಬ್ಯಾಡ ಅಂದಾಂವ ನಾನ, ಚಾಚಾ,” ಎಂದೆ.

ಚಾಚಾ ನನ್ನನ್ನು ಬೈಯಲಿಲ್ಲ. ಕೈ ಒರೆಸಿಕೊಳ್ಳುತ್ತ ಅವಳಿಗೆ, “ನೀ ಹೇಳೂದು ಬಿಡಬ್ಯಾಡ, ಬೇಟಿ,” ಎಂದಷ್ಟೇ ಹೇಳಿದರು.

ರಿಪೇರಿಗೆ ತಿಂಗಳು ಹಿಡಿಯಿತು. ಮತ್ತೆ ಹೊರಟ ದಿನ ಅವಳು ಬಲಗಡೆಯೇ ಹತ್ತಿ ಕೂತಳು. ಮಾಹಿಮ್ ದಾಟುವಾಗ ಬೆನ್ನು ತಟ್ಟಿ, “ನಿಂದರಸ್ರಿ,” ಎಂದಳು. ಹಿಂದೆ ಟ್ಯಾಕ್ಸಿಗಳು ಹಾರ್ನ್ ಹೊಡೆದುಕೊಳ್ಳುತ್ತಿದ್ದರೂ ಕೂಡಲೇ ಬದಿಗೆ ತಂದು ನಿಲ್ಲಿಸಿದೆ. ಎಂಜಿನ್ ಆರಿಸುವ ಮುಂಚೆ ಬಗ್ಗಿ ನೋಡಿದರೆ ಗುಂಡಿ ಹೊರಗೇ ಇತ್ತು.

“ಸರಿ ಐತಲ್ಲ?” ಎಂದೆ.

“ಹೌದು, ಸರಿನ ಐತಿ. ನಾ ಅಂದ್ರ ನೀವು ನಿಂದರಸ್ತೀರೋ ಇಲ್ಲೋ ನೋಡಿದೆ. ನಡೀರಿ.”